ಮೈಸೂರು ವಿಶ್ವವಿದ್ಯಾನಿಲಯವೂ ನಾಡಿನ ವಿದ್ಯಾಜೀವನವೂ



ಮೈಸೂರು ವಿಶ್ವವಿದ್ಯಾನಿಲಯವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವವನು ಪೀಠಿಕೆಯನ್ನು ಅರಸಿಕೊಂಡು ದೂರ ಹೋಗಬೇಕಾದುದಿಲ್ಲ. ಕನ್ನಡನಾಡಿನಲ್ಲಿ ಬಾನುಲಿ ಮೊಳೆತುದೇ ಆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸವಾದ ‘ವಿಠಲ ವಿಹಾರ’ದಲ್ಲಿ ಚಿಕ್ಕದೊಂದು ಟ್ರಾನ್ಸ್‌ಮಿಟರನ್ನು ಸ್ಥಾಪಿಸಿ, ಸಂಗೀತ ಸಾಹಿತ್ಯಗಳನ್ನೂ ವಿದ್ವಾಂಸರ ಮಾತುಗಳನ್ನೂ ಊರವರ ಕಿವಿಗೆ ಮುಟ್ಟಿಸುವ ಕಾರ್ಯಕ್ಕೆ ಕೈಹಾಕಿದರು. ಆಗ ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಕಾಲಾಂತರದಲ್ಲಿ ಇಡೀ ಭಾರತದ ಬಾನುಲಿಗೇ ಸಂದಿತು. ಮನಶ್ಶಾಸ್ತ್ರದ ಮೇಷ್ಟರಿಗೆ ಈ ಗೊಡವೆ ಏತಕ್ಕೆ ಎಂದು ಕೇಳಿದವರು ಆ ಕಾಲದಲ್ಲಿ ಇದ್ದಿದ್ದರೆ ಆಶ್ಚರ್ಯವಿಲ್ಲ. ಅವರ ತರಗತಿಯ ಪಾಠಕ್ಕೆ ಸಂಬಳವಿದ್ದಿತು. ಈ ಕೆಲಸಕ್ಕೆ ಖರ್ಚೇ ಹೊರತು ಆದಾಯವಿರಲಿಲ್ಲ. ಆದರೂ ಅವರು ಅದನ್ನು ಮಾಡಿದರು. ಮಾಡಿದುದರಿಂದಲೇ ಈ ಹೊತ್ತು ನನ್ನಂಥವನ ಮಾತು ನಿಮ್ಮ ಮನೆಯ ನಡುಮನೆಯವರೆಗೆ ಬರುವುದಕ್ಕೆ ಒಂದು ಪರಂಪರೆ ಏರ್ಪಟ್ಟಿದೆ.

ಈ ಒಂದು ಸಂಗತಿಯಿಂದಲೇ ನಾನು ಈ ಹೊತ್ತು ಹೇಳಬೇಕೆಂದಿರುವ ಮಾತೂ ಹೊರಡುತ್ತದೆ. ಒಂದು ಪ್ರಾಂತದ ಜನರ ಹಣದಿಂದ, ಆ ಪ್ರಾಂತದ ಮಕ್ಕಳಿಗಾಗಿ ನಡೆಯುವ ವಿಶ್ವವಿದ್ಯಾನಿಲಯಕ್ಕೆ ಎರಡು ಋಣಗಳುಂಟು. ತನ್ನ ನೆಲದಲ್ಲಿ ಓಲೆಗರಿಗಳಲ್ಲಿಯೂ ಶಾಸನಗಳಲ್ಲಿಯೂ ಜನರ ನಾಲಗೆಯ ಮೇಲೂ ಚೆದರಿಬಿದ್ದಿರುವ ಅರಿವನ್ನು ಕಲೆಹಾಕಿ, ಶೋಧಿಸಿ, ಶಾಸ್ತ್ರದ ಶಿಸ್ತಿಗೆ ಒಳಪಡಿಸಿ ಲೋಕದ ವಿದ್ವಜ್ಜನರ ಮುಂದೆ ಇರಿಸುವುದು ಮೊದಲನೆಯ ಋಣ. ಲೋಕದ ವಿದ್ಯೆಯನ್ನು ತನ್ನ ಜನರ ನುಡಿಯಲ್ಲಿ, ಅವರ ಮನೆಬಾಗಿಲಿಗೆ ತಂದುಕೊಡುವುದು ಎರಡನೆಯದು. ಪರೀಕ್ಷೆಗಳನ್ನು ನಡೆಸುವುದು, ಪದವಿಪ್ರದಾನ ಮಾಡುವುದು ಇವೆಲ್ಲ ಅವಶ್ಯವಾದ ಕೆಲಸಗಳೇ. ಆದರೆ ಒಂದು ಪ್ರಾದೇಶಿಕ ವಿಶ್ವವಿದ್ಯಾನಿಲಯದ ಯೋಗ್ಯತೆಯನ್ನು ಅಳೆಯಬೇಕಾದರೆ ಈ ಎರಡು ಋಣಗಳನ್ನು ಅದು ಎಷ್ಟರಮಟ್ಟಿಗೆ ತೀರಿಸಿದೆ ಎಂದು ಕೇಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಆ ದೃಷ್ಟಿಯಿಂದ ಸ್ವಲ್ಪ ಅವಲೋಕಿಸೋಣ.

1916ಕ್ಕೆ ಮುನ್ನ ಮೈಸೂರು ಸಂಸ್ಥಾನದಲ್ಲಿ ಉಚ್ಚ ಶಿಕ್ಷಣವೇ ಇರಲಿಲ್ಲವೆಂದು ಯಾರೂ ತಿಳಿಯಕೂಡದು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು ಇವೆರಡೂ ಆ ವೇಳೆಗಾಗಲೇ ಒಳ್ಳೆಯ ಹೆಸರನ್ನು ಗಳಿಸಿದ್ದುವು. ಆದರೆ ಅವು 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದುವು. ಪಾಠ ಹೇಳುವವರು ಇಲ್ಲಿನವರು. ಏನನ್ನು ಹೇಳಬೇಕೆಂದು ಗೊತ್ತುಮಾಡುವವರು ಅಲ್ಲಿನವರು. ಕಾವೇರಿಯ ದಂಡೆಯ ಹುಡುಗನೊಬ್ಬನು ತನ್ನ ನಾಡಿನ ಗಂಗರ ಹೊಯ್ಸಳರ ವಿಷಯವನ್ನು ಎಷ್ಟು ಅರಿತಿರಬೇಕು, ಅರಿಯದಿದ್ದರೂ ಹೇಗೆ ತೇರ್ಗಡೆಯಾಗಬಹುದು ಎಂಬುದನ್ನು ನಿರ್ಣಯಿಸುತ್ತಿದ್ದ ಪಠ್ಯಮಂಡಲಿ ಕೂಡುತ್ತಿದ್ದುದು ಸಮುದ್ರತೀರದ ಆ ಪಟ್ಟಣದಲ್ಲಿ. ಮದರಾಸಿನ ಮಹನೀಯರು ತಮ್ಮ ಕರ್ತವ್ಯದಲ್ಲಿ ಏನೂ ಲೋಪ ಮಾಡಿದವರಲ್ಲ. ಆದರೆ ಅವರ ಆಡಳಿತಕ್ಕೆ ಒಳಪಟ್ಟಿದ್ದ ಪ್ರದೇಶ ಅತಿ ವಿಶಾಲ, ಭಾಷೆಗಳು ಹಲವು. ಹೀಗಿರುವಲ್ಲಿ ಕನ್ನಡಕ್ಕೂ ಕನ್ನಡನಾಡಿನ ಅಗತ್ಯಗಳಿಗೂ ಪ್ರತ್ಯೇಕವಾದ ಗಮನವನ್ನು ಅವರಿಂದ ಅಪೇಕ್ಷಿಸುವುದು ನ್ಯಾಯವೂ ಆಗುತ್ತಿರಲಿಲ್ಲ.

ಈ ಪರಾಧೀನತೆಯನ್ನು ಕಳೆಯಬೇಕೆಂಬ ಸಂಕಲ್ಪ ನಾಲ್ವಡಿ ಕೃಷ್ಣರಾಜ ಒಡೆಯರವರದು. ಸಂಕಲ್ಪವನ್ನು ಸಂಸ್ಥೆಯಾಗಿ ಮಾಡಿದ ಕರ್ತೃತ್ವಶಕ್ತಿ ದಿವಾನ್ ವಿಶ್ವೇಶ್ವರಯ್ಯನವರದು. ಶಿಕ್ಷಣತಜ್ಞರಾದ ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಂ ಅವರು ಹೊರದೇಶಗಳ ವಿದ್ಯಾವ್ಯವಸ್ಥೆಯನ್ನು ಪರಿಶೀಲಿಸಿ ಸಿದ್ಧಪಡಿಸಿದ ವರದಿಗಳು ಅದಕ್ಕೆ ಆಧಾರವಾದುವು. 1916ನೆಯ ಇಸವಿ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಬ್ರಿಟಿಷರ ನೇರ ಆಳ್ವಿಕೆಗೆ ಸೇರದ ದೇಶೀಯ ಸಂಸ್ಥಾನಗಳಲ್ಲಿ ಹುಟ್ಟಿದ ಮೊತ್ತಮೊದಲನೆಯ ವಿಶ್ವವಿದ್ಯಾನಿಲಯ ಇದೇ. ಮಹಾರಾಜರೇ ಅದರ ಕುಲಪತಿಗಳಾದರು. ಎರಡು ವರ್ಷಗಳ ಬಳಿಕ, 1918ರಲ್ಲಿ ನಡೆದ ಮೊದಲ ಘಟಿಕೋತ್ಸವದಲ್ಲಿ ಭಾಷಣ ಮಾಡಲು ಕಲ್ಕತ್ತೆಯಿಂದ ಬಂದವರು ಸರ್ ಆಶುತೋಷ ಮುಖರ್ಜಿಯವರು. ತಮ್ಮ ಊರಿನ ವಿಶ್ವವಿದ್ಯಾನಿಲಯವನ್ನು ಪರೀಕ್ಷಾಮಂಡಲಿಯ ಸ್ಥಿತಿಯಿಂದ ಎತ್ತಿ ಸಂಶೋಧನೆಯ ಕ್ಷೇತ್ರವನ್ನಾಗಿ ಮಾಡಿದ ಪುರುಷರು.

ಮೊದಲ ಉಪಕುಲಪತಿಗಳಾಗಿ ನೇಮಕಗೊಂಡವರು ಎಚ್. ವಿ. ನಂಜುಂಡಯ್ಯನವರು. ಈ ನೇಮಕದಲ್ಲಿ ಒಂದು ವಿಶೇಷವುಂಟು. ಅದರ ಹಿಂದಿನ ವರ್ಷ, 1915ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಅವರೇ ಮೊದಲ ಅಧ್ಯಕ್ಷರು. ಅದೂ ಅಲ್ಲದೆ, ಮೈಸೂರು ಸೀಮೆಯ ನಾನಾ ಜಾತಿ ಬುಡಕಟ್ಟುಗಳ ನಡೆನುಡಿ, ಮದುವೆ ಮುಂಜಿ, ಕಟ್ಟುಕಟ್ಟಳೆಗಳನ್ನು ಕುರಿತು ವಿವರಗಳನ್ನು ಸಂಗ್ರಹಿಸುವ ಮಹತ್ತಾದ ಕಾರ್ಯವನ್ನು ಅವರು ಕೈಗೊಂಡಿದ್ದರು. ಆ ಸಾಮಗ್ರಿ ಅವರ ಮರಣಾನಂತರ ಅನಂತಕೃಷ್ಣ ಅಯ್ಯರ್ ಅವರ ಪರಿಶ್ರಮದಿಂದ ಪೂರ್ಣಗೊಂಡು ವಿಶ್ವವಿದ್ಯಾನಿಲಯದ ಮೂಲಕವೇ ಸಂಪುಟಗಳಾಗಿ ಹೊರಬಂದಿತು. ಒಂದು ಕೈಯಲ್ಲಿ ವಿಶ್ವವಿದ್ಯಾನಿಲಯದ ಆಡಳಿತ, ಇನ್ನೊಂದು ಕೈಯಲ್ಲಿ ನಾಡನುಡಿಯ ಪರಿಷತ್ತು, ಮನಸ್ಸಿನಲ್ಲಿ ಹಳ್ಳಿಹಟ್ಟಿಗಳ ಜನಜೀವನ: ನಾನು ಹೇಳಿದ ಎರಡು ಋಣಗಳೂ ಮೊದಲನೆಯ ಉಪಕುಲಪತಿಗಳ ಕಾಲದಲ್ಲಿಯೇ ಸಂಸ್ಥೆಯ ಲೆಕ್ಕಕ್ಕೆ ಬಂದಿದ್ದುವೆಂದು ಇದರಿಂದ ತಿಳಿಯಬಹುದು.

ಹೊಸ ವಿಶ್ವವಿದ್ಯಾನಿಲಯ ಪ್ರಾಂತೀಯವಾಗಿದ್ದರೂ ಪ್ರಾಂತಸಂಕೋಚವನ್ನು ಇಟ್ಟುಕೊಳ್ಳಲಿಲ್ಲ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರು ಮುಂದೆ ರಾಷ್ಟ್ರಾಧ್ಯಕ್ಷರಾದ ಸರ್ವೇಪಲ್ಲಿ ರಾಧಾಕೃಷ್ಣನ್ನರು. ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರೆಂಬ ಮಾತನ್ನು ಮೈಸೂರಿನ ಹಿರಿಯರು ಬಹುಕಾಲ ಹೇಳುತ್ತಿದ್ದರು. ಅವರು ಕಲ್ಕತ್ತೆಗೆ ಹೋದ ವರ್ಷವೇ ಕಲ್ಕತ್ತೆಯ ಕಡೆಯಿಂದ ಬ್ರಜೇಂದ್ರನಾಥ ಶೀಲರು ಇಲ್ಲಿಗೆ ಉಪಕುಲಪತಿಗಳಾಗಿ ಬಂದು 1930ರವರೆಗೆ ಸಂಸ್ಥೆಯನ್ನು ನಡೆಸಿದರು. ಪ್ರಾಚೀನ ಹಿಂದುಗಳ ವಿಜ್ಞಾನಗಳನ್ನು ಕುರಿತು ಗ್ರಂಥ ರಚಿಸಿದ ಆ ಬಹುಶ್ರುತರ ಕಾಲದಲ್ಲಿ ಮನಶ್ಶಾಸ್ತ್ರದ ವಿಭಾಗ ತೆರೆಯಿತು, ವೈದ್ಯಕೀಯ ಕಾಲೇಜು ಆರಂಭವಾಯಿತು, ಕನ್ನಡ ಎಂ.ಎ. ತರಗತಿಯೂ ಏರ್ಪಟ್ಟಿತು.

ಹೀಗೆ ಹೊರಗಿನಿಂದ ಬಂದು ಬೆಳಕು ಬೀರಿದವರ ಸಂಗಡ, ಇಲ್ಲಿಯೇ ಇದ್ದು ಮೈಸೂರಿನ ತರಗತಿಯ ಪಾಠವನ್ನು ಜಗತ್ತಿಗೆ ಮುಟ್ಟಿಸಿದವರನ್ನೂ ನೆನೆಯಬೇಕು. ಮೈಸೂರು ಹಿರಿಯಣ್ಣನವರು ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು, ಮಿತಭಾಷಿಗಳು, ಆಡಂಬರವಿಲ್ಲದವರು. ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತು ಅವರು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳೇ ಪರಿಷ್ಕಾರ ಹೊಂದಿ 1932ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಅಚ್ಚಾದುವು. ಆ ಗ್ರಂಥವನ್ನು ಇಂದಿಗೂ ದೇಶವಿದೇಶಗಳಲ್ಲಿ ವಿದ್ಯಾರ್ಥಿಗಳು ಓದುತ್ತಾರೆ. ದರ್ಶನಗಳ ಒಂದೊಂದು ತೊಡಕನ್ನೂ ಮೈಸೂರಿನ ಹುಡುಗರಿಗೆ ಮನದಟ್ಟಾಗುವಂತೆ ಬಿಡಿಸಿ ಬಿಡಿಸಿ ಹೇಳಿದುದರಿಂದಲೇ ಆ ಗದ್ಯಕ್ಕೆ ಅಷ್ಟು ಪ್ರಸನ್ನತೆ ಬಂದಿತೆಂದು ನನಗೆ ತೋರುತ್ತದೆ. ಸಂಶೋಧನೆ ಬೇರೆ, ಬೋಧನೆ ಬೇರೆ ಎಂದು ಈಗ ನಾವು ಎರಡು ಖಾತೆಗಳನ್ನು ತೆರೆದು ಅಂಕಗಳನ್ನು ಹಂಚುತ್ತೇವಲ್ಲವೆ? ಹಿರಿಯಣ್ಣನವರಿಗೆ ಆ ವಿಭಜನೆ ಅರ್ಥವೇ ಆಗುತ್ತಿರಲಿಲ್ಲ.

ಇನ್ನು ಮೊದಲನೆಯ ಋಣದ ವಿಷಯಕ್ಕೆ ಬರೋಣ. ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಕಾಲು ಶತಮಾನದ ಹಿಂದೆಯೇ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಪ್ರಾಚ್ಯ ಪುಸ್ತಕಭಂಡಾರ ಮೈಸೂರಿನಲ್ಲಿ ಸ್ಥಾಪಿತವಾಗಿದ್ದಿತು. 1905ರಲ್ಲಿ ಅಲ್ಲಿನ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ, ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದು ಒಪ್ಪಿಸಿದ್ದ ಗ್ರಂಥಲಿಪಿಯ ಓಲೆಕಟ್ಟೊಂದು ಬಿದ್ದಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಕೇಳಿಬರುತ್ತಿದ್ದು ಗ್ರಂಥ ನಷ್ಟವಾಯಿತೆಂದೇ ವಿದ್ವಾಂಸರು ತಿಳಿದಿದ್ದ ಕೃತಿ. ಶಾಸ್ತ್ರಿಗಳು ಅದನ್ನು 1909ರಲ್ಲಿ ಮುದ್ರಿಸಿ, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಪ್ರಾಚೀನ ಭಾರತೀಯರಿಗೆ ರಾಜ್ಯಶಾಸ್ತ್ರವೆಂಬುದೇ ಇರಲಿಲ್ಲ, ಅವರು ಪರಲೋಕಚಿಂತನೆಯಲ್ಲಿಯೇ ಕಾಲ ಕಳೆದವರು ಎಂದು ಬರೆಯುತ್ತಿದ್ದ ಇತಿಹಾಸಕಾರರು ತಮ್ಮ ಪುಟಗಳನ್ನು ತಿದ್ದಿಕೊಳ್ಳಬೇಕಾಗಿ ಬಂದಿತು. ಈ ಭಂಡಾರವೇ ವಿಶ್ವವಿದ್ಯಾನಿಲಯಕ್ಕೆ ಸೇರಿ, ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಪ್ರಸಿದ್ಧವಾಯಿತು.

ಓಲೆಕಟ್ಟನ್ನು ಸಮೀಪದಿಂದ ನೋಡದವರಿಗೆ ಈ ಕೆಲಸದ ಕಷ್ಟ ತಿಳಿಯುವುದಿಲ್ಲ. ಎರಡು ಮೂರು ಬೆರಳು ಅಗಲದ ಉದ್ದುದ್ದ ಗರಿಗಳು. ರಂಧ್ರದಲ್ಲಿ ಪೋಣಿಸಿದ ದಾರ. ಮೇಲೂ ಕೆಳಗೂ ಒಂದೊಂದು ಹಲಗೆ. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳು ಬರಿಗಣ್ಣಿಗೆ ಕಾಣವು. ದೂಳು ಒರಸಿ, ಹುಳು ಹತ್ತದಂತೆಯೂ ಗರಿ ಮೆದುವಾಗುವಂತೆಯೂ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ದೀಪದ ಕಾಡಿಗೆಯನ್ನು ಮೃದುವಾಗಿ ತಿಕ್ಕಿದರೆ, ಗೆರೆಗಳಲ್ಲಿ ಮಸಿ ನಿಂತು ಬರಹ ಮೂಡುತ್ತದೆ. ಮೂಡಿದ ಮೇಲೂ ಓದುವುದು ಸುಲಭವಲ್ಲ. ಪದಪದಗಳ ನಡುವೆ ಬಿಡುವಿಲ್ಲ. ವಾಕ್ಯ ಮುಗಿದ ಗುರುತಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಲಿಪಿಯಲ್ಲಿ ಭೇದವಿಲ್ಲ. ಅಲ್ಲಲ್ಲಿ ಗರಿ ಮುರಿದಿದೆ, ಅಲ್ಲಲ್ಲಿ ಲಿಪಿಕಾರನೇ ತೂಕಡಿಸಿ ಒಂದು ಸಾಲನ್ನು ನುಂಗಿದ್ದಾನೆ. ಇಂಥ ಪ್ರತಿಗಳನ್ನು ನಾಲ್ಕಾರು ಕಡೆಗಳಿಂದ ತರಿಸಿ, ಪಾಠಾಂತರಗಳನ್ನು ಒಂದಕ್ಕೊಂದು ಹೋಲಿಸಿ, ಕವಿ ಬರೆದಿರಬಹುದಾದ ರೂಪವನ್ನು ನಿಶ್ಚಯಿಸುವುದರಲ್ಲಿ ಡಿ. ಎಲ್. ನರಸಿಂಹಾಚಾರ್ಯರಂಥ ಅಧ್ಯಾಪಕರು ತಮ್ಮ ಆಯುಸ್ಸನ್ನು ಸವೆಸಿದರು. ಉಪಲಬ್ಧವಾಗಿರುವ ಹಳಗನ್ನಡ ಗದ್ಯಕೃತಿಗಳಲ್ಲಿ ಅತ್ಯಂತ ಪ್ರಾಚೀನವೆನಿಸುವ ವಡ್ಡಾರಾಧನೆ 1949ರಲ್ಲಿ ನಮ್ಮ ಕೈಗೆ ಬಂದುದು ಅವರ ಸಂಪಾದನೆಯಿಂದ. ಒಂದು ಶಬ್ದದ ಸಾಧುರೂಪಕ್ಕಾಗಿ ದಿನಗಟ್ಟಲೆ ಹೋರಾಡುವ ಈ ತಪಸ್ಸಿಗೆ ಯಾವ ಸಂತೆಯಲ್ಲಿಯೂ ಬೆಲೆ ಕಟ್ಟುವವರಿಲ್ಲ. ಅದಕ್ಕೆ ಆಶ್ರಯ ಕೊಡಬಲ್ಲ ಸ್ಥಳ ವಿಶ್ವವಿದ್ಯಾನಿಲಯವೊಂದೇ.

ಓಲೆಗೆ ಹೇಳಿದ ಮಾತು ಕಲ್ಲಿಗೂ ಸಲ್ಲುತ್ತದೆ. ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು; 1936ರಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಾಸನವನ್ನು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ನಿರ್ಣಯಿಸಲಾದ ಆ ಶಿಲೆ ಕನ್ನಡ ಭಾಷೆಯ ಪ್ರಾಚೀನತೆಗೆ ಸಾಕ್ಷಿಯಾಗಿ ನಿಂತಿತು. ಮದರಾಸಿನಲ್ಲಿಯೋ ಕಲ್ಕತ್ತೆಯಲ್ಲಿಯೋ ಕುಳಿತವರಿಗೆ ಹಲ್ಮಿಡಿಯಂಥ ಒಂದು ಹಳ್ಳಿಯ ಗೊಡವೆ ಎಲ್ಲಿಂದ ಬರಬೇಕು?

ಎರಡನೆಯ ಋಣದ ವಿಷಯದಲ್ಲಿ ಆರಂಭ ಇಷ್ಟು ನಿರ್ಮಲವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಮೈಸೂರಿಗಿಂತ ಎರಡು ವರ್ಷ ತಡವಾಗಿ, 1918ರಲ್ಲಿ, ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಭಾಷೆಯನ್ನು ಬೋಧನಾ ಮಾಧ್ಯಮವಾಗಿ ಅಂಗೀಕರಿಸಿತು. ಕನ್ನಡ ಜನರ ವಿಶ್ವವಿದ್ಯಾನಿಲಯವಾದ ಮೈಸೂರು ಇಂಗ್ಲಿಷಿನಲ್ಲಿಯೇ ಪಾಠ ಹೇಳಲು ತೊಡಗಿತು, ಕನ್ನಡದಲ್ಲಿ ಎಂ.ಎ. ತರಗತಿ ತೆರೆಯುವುದಕ್ಕೆ 1927ರವರೆಗೆ ಕಾಯಬೇಕಾಯಿತು. ಹಾಗೆ ಅಧಿಕೃತ ವ್ಯವಸ್ಥೆ ತಡೆದು ನಿಂತ ಕಡೆ ಅಧ್ಯಾಪಕರು ಸುಮ್ಮನೆ ಕೈಕಟ್ಟಿ ಕೂಡಲಿಲ್ಲ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಹೊರಡಿಸಿದ ‘ಪ್ರಬುದ್ಧ ಕರ್ನಾಟಕ’ ಮುಂದೆ ವಿಶ್ವವಿದ್ಯಾನಿಲಯದ ತ್ರೈಮಾಸಿಕವಾಗಿ, ಕನ್ನಡದಲ್ಲಿ ವಿದ್ವತ್‌ಪ್ರಬಂಧಗಳನ್ನು ಬರೆಯುವ ಪದ್ಧತಿಗೆ ಮನೆಯಾಯಿತು. ಅದೇ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿ, ಬೆಳಕು ಶಾಖ ವಿದ್ಯುತ್ತುಗಳ ವಿಷಯವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ವಾದದಿಂದಲ್ಲದೆ ಬರೆದೇ ತೋರಿಸಿದರು, ಪಂಪಭಾರತವನ್ನು ಪರಿಷ್ಕರಿಸಿ ಕೊಟ್ಟವರೂ ಅವರೇ. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದ ಕಥೆ ನಿಮಗೆಲ್ಲರಿಗೂ ಗೊತ್ತಿರುವುದೇ.

ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳ ಬಳಿ ಕನ್ನಡ ಎಂ.ಎ. ಓದಿ ಹೊರಬಂದ ಮೊದಲ ತಲೆಮಾರಿನ ವಿದ್ಯಾರ್ಥಿಗಳೇ ಮುಂದೆ ನಾಡಿನ ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕರಾದರು. ಅದುವರೆಗೆ ಕನ್ನಡ ಪಂಡಿತರೆಂದರೆ ಕಾಲೇಜಿನ ಮೂಲೆಯ ಕೊಠಡಿ, ಕಡಮೆ ಸಂಬಳ, ಹುಡುಗರ ಅಣಕ. ಅವರು ಇಂಗ್ಲಿಷ್ ಪ್ರಾಧ್ಯಾಪಕರ ಸಮಾನವಾಗಿ ಅಧ್ಯಾಪಕರ ಕೊಠಡಿಯಲ್ಲಿ ಕುಳಿತುಕೊಳ್ಳುವ ಕಾಲ ಇದರಿಂದ ಬಂದಿತು. ವಿಶ್ವವಿದ್ಯಾನಿಲಯ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಅಚ್ಚಾಗಿ ಭಾಷಾಂತರಕಾರರ, ಪತ್ರಕರ್ತರ, ನ್ಯಾಯಾಲಯದ ಗುಮಾಸ್ತರ ಮೇಜನ್ನು ಸೇರಿತು. ಪ್ರಚಾರೋಪನ್ಯಾಸಗಳ ಯೋಜನೆಯಲ್ಲಿ ಪ್ರಾಧ್ಯಾಪಕರು ಊರೂರಿಗೆ ಹೋಗಿ, ಶಾಲೆಯ ಹಜಾರದಲ್ಲಿಯೋ ದೇವಸ್ಥಾನದ ಜಗಲಿಯಲ್ಲಿಯೋ ನಿಂತು, ಗ್ರಹಣ ಹೇಗಾಗುತ್ತದೆ, ಮಲೇರಿಯಾ ಹೇಗೆ ಹಬ್ಬುತ್ತದೆ, ಸಹಕಾರ ಸಂಘವೆಂದರೇನು, ಹರಿಹರನ ಕಾವ್ಯದ ಸೊಗಸೇನು ಎಂಬಂಥ ವಿಷಯಗಳನ್ನು ರೈತರಿಗೂ ವರ್ತಕರಿಗೂ ಉಪಾಧ್ಯಾಯರಿಗೂ ಹೇಳಿದರು. ಆ ಉಪನ್ಯಾಸಗಳೇ ಅಲ್ಪಬೆಲೆಯ ಕಿರುಹೊತ್ತಗೆಗಳಾಗಿ ಬಂದುವು. ರಟ್ಟಿಲ್ಲದ, ಚಿತ್ರವಿಲ್ಲದ ಆ ಪುಟ್ಟ ಪುಸ್ತಕಗಳನ್ನು ಹಳೆಯ ಊರುಗಳ ವಾಚನಾಲಯಗಳಲ್ಲಿ ಇಂದಿಗೂ ಕಾಣಬಹುದು. ಎಷ್ಟೋ ಕುಟುಂಬಗಳಿಗೆ ವಿಶ್ವವಿದ್ಯಾನಿಲಯದ ಸಂಪರ್ಕ ಒದಗಿದುದು ಮಗನ ಪದವಿಗೂ ಮುಂಚೆ ಈ ಪುಸ್ತಕಗಳ ಮೂಲಕ.

ವಿಶ್ವವಿದ್ಯಾನಿಲಯದ ತರಗತಿಗಳಿಗೆ ಬಂದ ಹುಡುಗರು ಯಾರು? ಮೊದಮೊದಲು ಪಟ್ಟಣದ, ಓದುಬರಹದ ಮನೆತನಗಳವರೇ ಹೆಚ್ಚು. ಕ್ರಮೇಣ ವಾರಾನ್ನದ ಮೇಲೆ ಹೊಟ್ಟೆ ಹೊರೆದು ಓದಿದ ಬಡ ಬ್ರಾಹ್ಮಣರ ಮಕ್ಕಳ ಜೊತೆಗೆ, ಮಠಗಳ ಹಾಗೂ ಜಾತಿಸಂಘಗಳ ಹಾಸ್ಟೆಲುಗಳಲ್ಲಿ ಮುದ್ದೆ ಉಂಡು ಓದಿದ ರೈತರ ಮಕ್ಕಳು ಬಂದರು. ಅನಂತರ, ಶಾಲೆಯ ಹೊಸಿಲನ್ನೇ ದಾಟಗೊಡದಿದ್ದ ಸಮುದಾಯಗಳ ಮಕ್ಕಳೂ ಹುಡುಗಿಯರೂ ಬಂದರು. 1918ರಲ್ಲಿ ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳ ಉದ್ಯೋಗ ಹಾಗೂ ವಿದ್ಯಾಭ್ಯಾಸದ ಪ್ರಶ್ನೆಯನ್ನೆತ್ತಿದಾಗ ಉಂಟಾದ ವಿವಾದ ಸಣ್ಣದಲ್ಲ. ಆದರೆ ವಿಶ್ವವಿದ್ಯಾನಿಲಯ ಕೆಲವರ ಸ್ವತ್ತಾಗಿ ಉಳಿಯಲಾರದೆಂಬುದು ಅಂದಿನಿಂದ ಸ್ಥಿರವಾಯಿತು. ಮಲೆನಾಡಿನ ಕುಪ್ಪಳ್ಳಿಯಿಂದ ಬಂದ ಪುಟ್ಟಪ್ಪನವರು, ಅಂದರೆ ಕುವೆಂಪು, 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅದೇ ವರ್ಷ ಅಧ್ಯಾಪಕರಾಗಿ ಸೇರಿ, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದುದು ಈ ಪರಿವರ್ತನೆಗೆ ಒಂದು ಮೈಲಿಗಲ್ಲು. ಮಹಾರಾಜ ಕಾಲೇಜಿನಲ್ಲಿ ಓದಿದ ಎಂ. ಎನ್. ಶ್ರೀನಿವಾಸರು ಮುಂದೆ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ನೆಲಸಿ, ‘ರಾಂಪುರ’ವೆಂಬ ಕಲ್ಪಿತ ನಾಮದಿಂದ ಅಲ್ಲಿನ ಜೀವನವನ್ನು ನಿರೂಪಿಸಿ, ಭಾರತದ ಸಮಾಜಶಾಸ್ತ್ರಕ್ಕೇ ಒಂದು ಅಡಿಗಲ್ಲನ್ನು ಹಾಕಿದರು.

ಕುವೆಂಪು ಅವರ ಆಡಳಿತಕಾಲ, ಅಂದರೆ 1956ರಿಂದ 1960ರವರೆಗಿನ ಅವಧಿ, ಈ ಎರಡು ಋಣಗಳನ್ನೂ ಏಕಕಾಲದಲ್ಲಿ ತೀರಿಸಹೊರಟ ಕಾಲ. ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ ವಿಸ್ತಾರವಾದ ಭೂಮಿಯಲ್ಲಿ ಸ್ನಾತಕೋತ್ತರ ಶಿಕ್ಷಣಕ್ಕೆಂದೇ ಅವರು ಕಟ್ಟಿ ಹೆಸರಿಟ್ಟ ‘ಮಾನಸಗಂಗೋತ್ರಿ’ 1960ರಲ್ಲಿ ಆರಂಭವಾಯಿತು. ವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸಲು ಸಾಧ್ಯವೆಂದು ಅವರು ಹಿಡಿದ ಹಟ ಅನೇಕರಿಗೆ ಆ ಕಾಲದಲ್ಲಿ ಅತಿರೇಕವೆನಿಸಿತು. ಆದರೆ ಪಠ್ಯಪುಸ್ತಕಗಳಿಲ್ಲವೆಂದು ಆಕ್ಷೇಪಿಸಿದವರಿಗೆ ಪಠ್ಯಪುಸ್ತಕಗಳನ್ನು ಬರೆಯಿಸುವುದೇ ಉತ್ತರವೆಂದು ಅವರು ತಿಳಿದರು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ದೇ. ಜವರೇಗೌಡ, ಹಾ. ಮಾ. ನಾಯಕ ಮೊದಲಾದವರ ಶ್ರಮದಿಂದ ಅಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದು, ಯೋಜನೆ 14 ಸಂಪುಟಗಳಿಗೆ ಬೆಳೆಯಿತು. ಬಿ. ಎಲ್. ರೈಸರು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಪರಿಷ್ಕೃತ ಮುದ್ರಣವೂ ಅಲ್ಲಿಂದಲೇ ಹೊರಡತೊಡಗಿತು.

ಮಾನಸಗಂಗೋತ್ರಿಯ ಆವರಣದ ಜಯಲಕ್ಷ್ಮೀ ವಿಲಾಸ ಸೌಧದಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನು ನೀವು ಅವಶ್ಯವಾಗಿ ನೋಡಬೇಕು. ರಾಜಕುಮಾರಿಗಾಗಿ ಕಟ್ಟಿಸಿದ ಅರಮನೆಯಲ್ಲಿ ಇಂದು ಕುಳಿತಿರುವವರು ಯಾರು? ತೊಗಲುಗೊಂಬೆಗಳು, ಯಕ್ಷಗಾನದ ಕಿರೀಟಗಳು, ಸೋಮನ ಮುಖವಾಡಗಳು, ಒಕ್ಕಲು ಮನೆಯ ಕೊಳಗ ಕೂರಿಗೆಗಳು, ಅಜ್ಜಿಯರು ಬೆಣ್ಣೆ ಕಡೆದ ಮಂತುಗಳು. ಜೀ. ಶಂ. ಪರಮಶಿವಯ್ಯನವರೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರೂ ಊರೂರು ತಿರುಗಿ, ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದ ಇವನ್ನು ತಂದು ಕೂಡಿಹಾಕಿದರು. ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬನು ಅರಮನೆಯ ಕಂಬಗಳ ನಡುವೆ ತನ್ನ ಮನೆಯ ಕೂರಿಗೆಯನ್ನು ಕಂಡು, ಇದೂ ವಿದ್ಯೆಯೇ ಎಂದು ಅರಿತುಕೊಳ್ಳುವ ಅವಕಾಶವನ್ನು ದೇಶದ ಎಷ್ಟು ವಿಶ್ವವಿದ್ಯಾನಿಲಯಗಳು ಕಲ್ಪಿಸಿವೆ?

ಸಂಸ್ಥೆ ಬೆಳೆದಂತೆ ವಿಭಾಗವಾಗುವುದೂ ಅನಿವಾರ್ಯವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾದಾಗ ಸೆಂಟ್ರಲ್ ಕಾಲೇಜೂ ಇಂಜಿನಿಯರಿಂಗ್ ಕಾಲೇಜೂ ಅದರ ಪಾಲಿಗೆ ಹೋದುವು. ಮಂಗಳೂರಿನ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಶಿವಮೊಗ್ಗದ ಕಡೆಯ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. ಅಂಚೆಶಿಕ್ಷಣದ ಸಂಸ್ಥೆ 1996ರಲ್ಲಿ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇವೆಲ್ಲ ಬೆಳವಣಿಗೆಯ ಲಕ್ಷಣಗಳು. ಆದರೆ ಇತ್ತೀಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಲ್ಲಿ ಜಿಲ್ಲೆಗೊಂದರಂತೆ ವಿಶ್ವವಿದ್ಯಾನಿಲಯಗಳನ್ನು ಹುಟ್ಟಿಸಿದ ಕ್ರಮ ಬೇರೆ ಬಗೆಯದು. ಅವಿಭಕ್ತ ಕುಟುಂಬ ಹಿಸ್ಸೆಯಾಗುವಾಗ ಬೇರೆ ಹೋಗುವ ಮಗನಿಗೆ ಒಂದೆರಡು ಹೊಲ, ಒಂದು ಜೊತೆ ಎತ್ತು, ಉಣ್ಣಲು ಪಾತ್ರೆಪಡಗವನ್ನಾದರೂ ಕೊಟ್ಟು ಕಳುಹಿಸುತ್ತಾರೆ. ಇಲ್ಲಿ ನಾಮಫಲಕವನ್ನೂ ಮೊಹರನ್ನೂ ಕೊಟ್ಟು ಕಳುಹಿಸಿದಂತಾಯಿತು. ಗ್ರಂಥಭಂಡಾರವಿಲ್ಲದೆ, ಖಾಯಂ ಅಧ್ಯಾಪಕರಿಲ್ಲದೆ, ಪ್ರಯೋಗಶಾಲೆಯಿಲ್ಲದೆ ವಿಶ್ವವಿದ್ಯಾನಿಲಯವೆಂಬ ಹೆಸರನ್ನು ಹೊರುವುದು ಹೆಸರಿಗೂ ಕಷ್ಟ, ಹೊತ್ತವರಿಗೂ ಕಷ್ಟ.

ಹಿರಿಯ ಮನೆಯೂ ಸುಖವಾಗಿದೆಯೆಂದು ಹೇಳುವಂತಿಲ್ಲ. ಮೈಸೂರಿನಲ್ಲಿ ಮಾತ್ರವಲ್ಲ, ರಾಜ್ಯದ ಎಲ್ಲ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿಯೂ ಅಧ್ಯಾಪಕರು ನಿವೃತ್ತರಾಗುತ್ತಾರೆ, ಅವರ ಕುರ್ಚಿ ಖಾಲಿ ಬೀಳುತ್ತದೆ, ಆ ಪಾಠಗಳು ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತವೆ. ಅತಿಥಿ ಉಪನ್ಯಾಸಕನು ಎಷ್ಟೇ ವಿದ್ವಾಂಸನಾಗಿರಲಿ, ಮುಂದಿನ ವರ್ಷ ತನಗೆ ಪಾಠ ಸಿಕ್ಕೀತೇ ಎಂಬ ಚಿಂತೆಯಲ್ಲಿರುವವನು ಹತ್ತು ವರ್ಷ ಹಿಡಿಯುವ ಒಂದು ಗ್ರಂಥಸಂಪಾದನೆಗೆ ಹೇಗೆ ಕುಳಿತಾನು? ನಿಘಂಟಾಗಲಿ, ವಿಶ್ವಕೋಶವಾಗಲಿ, ಶಾಸನಸಂಪುಟವಾಗಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಮುಗಿಯುವ ಕೆಲಸಗಳಲ್ಲ. ನಾಳೆಯ ಭರವಸೆಯುಳ್ಳವರು ಮಾತ್ರ ಅವನ್ನು ಹಿಡಿಯಬಲ್ಲರು. ಇತ್ತ ಪ್ರವೇಶ, ಪರೀಕ್ಷೆ, ಮೌಲ್ಯಮಾಪನ, ಮರುಮೌಲ್ಯಮಾಪನ, ಅಂಕಪಟ್ಟಿಯ ತಿದ್ದುಪಡಿ ಇವುಗಳಲ್ಲಿಯೇ ಕಚೇರಿಯ ವರ್ಷವೆಲ್ಲ ಕಳೆಯುತ್ತದೆ. ಮದರಾಸಿನ ಪರೀಕ್ಷಾಮಂಡಲಿಯಿಂದ ಬಿಡುಗಡೆ ಪಡೆಯಲೆಂದು ಹುಟ್ಟಿದ ಸಂಸ್ಥೆ ತಾನೇ ಮತ್ತೊಂದು ಪರೀಕ್ಷಾಮಂಡಲಿಯಾಗಿ ಸವೆದುಹೋದರೆ, 1916ರ ಜುಲೈ ತಿಂಗಳ ಆ ಸಾಹಸಕ್ಕೆ ಅರ್ಥವೇನು ಉಳಿಯಿತು?

ಆದುದರಿಂದ, ಶ್ರೋತೃಗಳೇ, ಈ ವಿಷಯವನ್ನು ಉಪಕುಲಪತಿಗಳಿಗೂ ಮಂತ್ರಿಗಳಿಗೂ ಬಿಟ್ಟು ನಾವು ನಿಶ್ಚಿಂತರಾಗಿರುವಂತಿಲ್ಲ. ವಿಶ್ವವಿದ್ಯಾನಿಲಯ ನಡೆಯುವುದು ನೀವು ಕೊಡುವ ತೆರಿಗೆಯಿಂದ. ಅದರ ಲೆಕ್ಕ ಕೇಳುವ ಹಕ್ಕು ನಿಮಗುಂಟು. ನಿಮ್ಮ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ, ಓದು ಮುಗಿದ ಮೇಲೆ ಕೆಲಸ ಸಿಕ್ಕುತ್ತದೆಯೇ ಎಂದು ವಿಚಾರಿಸುವುದು ಸಹಜ, ವಿಚಾರಿಸಿರಿ. ಅದರೊಡನೆ ಇಲ್ಲಿ ಎಷ್ಟು ಮಂದಿ ಖಾಯಂ ಅಧ್ಯಾಪಕರಿದ್ದಾರೆ, ಗ್ರಂಥಭಂಡಾರ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದನ್ನೂ ಕೇಳಿರಿ. ಓಟು ಕೇಳಲು ಬಂದವರನ್ನು, ಹೊಸ ವಿಶ್ವವಿದ್ಯಾನಿಲಯ ಕೊಡುವಿರಾ ಎಂದು ಕೇಳುವ ಬದಲು, ಇರುವ ವಿಶ್ವವಿದ್ಯಾನಿಲಯದ ಖಾಲಿ ಹುದ್ದೆಗಳನ್ನು ತುಂಬುವಿರಾ ಎಂದು ಕೇಳಿರಿ. ಅಲ್ಲಿ ಓದಿ ಬಾಳು ಕಂಡುಕೊಂಡ ಹಳೆಯ ವಿದ್ಯಾರ್ಥಿಗಳು, ಊರಿನಲ್ಲಿರಲಿ, ಹೊರದೇಶದಲ್ಲಿರಲಿ, ತಮ್ಮ ವಿಭಾಗಕ್ಕೆ ಒಂದು ಪುಸ್ತಕದ ಬೀರುವನ್ನಾಗಲಿ ಒಬ್ಬ ಸಂಶೋಧಕನ ವೇತನವನ್ನಾಗಲಿ ಕೊಡಲು ಮುಂದೆ ಬರಲಿ.

ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿಜ್ಞಾಪನೆಯುಂಟು. ನಿಮ್ಮ ಶಾಸ್ತ್ರದ ವಿಷಯವಾಗಿ ವರ್ಷಕ್ಕೊಂದು ಉಪನ್ಯಾಸವನ್ನಾದರೂ ವಿಶ್ವವಿದ್ಯಾನಿಲಯದ ಆವರಣದ ಹೊರಗೆ, ಹೋಬಳಿಯ ಊರೊಂದರಲ್ಲಿ, ಕನ್ನಡದಲ್ಲಿ ಮಾಡಿರಿ. ಬಾನುಲಿಯ ಬಾಗಿಲೂ ನಿಮಗೆ ತೆರೆದಿದೆ. ಇಷ್ಟು ಹೇಳಿದ ಮೇಲೆ, ಹಳೆಯ ಮನೆಗಳಲ್ಲಿ ವಾಸವಾಗಿರುವ ಕೇಳುಗರಲ್ಲಿ ಕೊನೆಯ ಮಾತು: ನಿಮ್ಮ ಅಟ್ಟದ ಮೇಲೋ ದೇವರ ಕೋಣೆಯ ಪೆಟ್ಟಿಗೆಯಲ್ಲೋ ಓಲೆಗರಿಯ ಕಟ್ಟುಗಳು, ಕೋರಿಕಾಗದದ ಹಸ್ತಪ್ರತಿಗಳು, ತಾಮ್ರಪಟಗಳು ಇದ್ದರೆ, ಅವನ್ನು ಹೊಳೆಗೆ ಬಿಡಬೇಡಿ, ಹಳೆಯ ಸಾಮಾನಿನವನಿಗೆ ಮಾರಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಕನ್ನಡ ಅಧ್ಯಯನ ಸಂಸ್ಥೆಗೋ ನಿಮ್ಮ ಸಮೀಪದ ವಿಶ್ವವಿದ್ಯಾನಿಲಯಕ್ಕೋ ತಿಳಿಸಿರಿ. ಅದನ್ನು ಓದಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕಳುಹಿಸಿರಿ.